ವಾಸನೆಯ ಖಾನೆ

ಸುರಪುರ
ಬಹಮನ್ ೧೦, ೧೩೫೫ ಫಸಲಿ
(ಡಿಸೆಂಬರ್ ೧೯೪೫)

ಪ್ರೀತಿಯ ಗೆಳೆಯ ಖಾಜಾಹುಸೇನನಿಗೆ,

ಸಲಾಮು, ಶರಣು, ಎರಡೂ. ನಿನ್ನ ಮೂರು ಕಾಗದಗಳೂ ಮುಟ್ಟಿವೆ. ಉತ್ತರಿಸದೆ ಕೂತದ್ದಕ್ಕೆ ಬೈಯುವಷ್ಟು ಬೈದುಬಿಡು, ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಉರ್ದುವಿನಲ್ಲಿ ಬರೆದರೆ ದಫ್ತರದ ಕಾಗದದಂತಾಗುತ್ತದೆ, ಅದಕ್ಕೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮನೆಯಲ್ಲಿ ಅನ್ವರಬಿಯ ಕೆಮ್ಮು ಕಡಿಮೆಯಾಯಿತೆ? ಹೈದರಾಬಾದಿನ ನೀರು ಈಗಲಾದರೂ ಒಗ್ಗಿತೆ?

ಮೂರು ಕಾಗದದಲ್ಲೂ ನೀನು ಕೇಳಿದ್ದು ಒಂದೇ, ನಮ್ಮ ಶಾಲೆಯ ಹಾಡುವ ಹುಡುಗ ದೇವಿಂದ್ರನನ್ನು ಯಾವಾಗ ಕಳಿಸುತ್ತೀ ಎಂದು. ನಿನ್ನ ಉಸ್ತಾದರು ಅವನನ್ನು ಮನೆಯಲ್ಲಿಟ್ಟುಕೊಂಡು ಗಾಯನ ಕಲಿಸಲು ಒಪ್ಪಿದ್ದನ್ನು ಓದಿ ನನಗೆ ಅಳು ಬಂತು. ಅವನು ಬರುವುದಿಲ್ಲ, ಖಾಜಾ. ಹುಡುಗನ ಕಂಠ ಹೋಗಿದೆ.

ನನ್ನ ಹಟ ನಿನಗೆ ಗೊತ್ತು. ವಿಜ್ಞಾನದ ಪ್ರಯೋಗದ ವಹಿಯಲ್ಲಿ ಬಣ್ಣಕ್ಕೊಂದು ಖಾನೆ, ವಾಸನೆಗೊಂದು ಖಾನೆ. ಬೇರೆ ಊರಿನ ಹುಡುಗರು ಕಿತಾಬು ನೋಡಿ ನಕಲು ಹೊಡೆದು ಖಾನೆ ತುಂಬುತ್ತಾರೆ. ನನ್ನ ತರಗತಿಯಲ್ಲಿ ಅದು ನಡೆಯುವುದಿಲ್ಲ. ಕಣ್ಣಿಂದ ನೋಡಿಯೇ, ಮೂಗಿಂದ ಮೂಸಿಯೇ ಬರೆಯಬೇಕು. ನೀನು ಇಲ್ಲಿ ಮಾಸ್ತರನಾಗಿದ್ದಾಗ, "ಸೂಗಪ್ಪ, ಒಂದಿನ ಹುಡುಗರಿಗಿ ವಿಷಾ ಕುಡಿಸಿ ರುಚಿ ಬರೀರಿ ಅಂತಿ ನೀ" ಎಂದು ಚೇಷ್ಟೆ ಮಾಡುತ್ತಿದ್ದೆ.

ಎರಡು ತಿಂಗಳ ಹಿಂದೆ ಕ್ಲೋರಿನ್ ಅನಿಲದ ಪ್ರಯೋಗವಿತ್ತು. ಸೀಸೆಯಲ್ಲಿ ತಿಳಿಹಸಿರು ಬಣ್ಣ ತುಂಬಿ ಬಂದಾಗ ಹುಡುಗರೆಲ್ಲ ಎದ್ದು ನಿಂತರು. ಅದನ್ನು ಮೂಸುವುದಕ್ಕೆ ಒಂದು ಕ್ರಮವಿದೆ. ಸೀಸೆಯನ್ನು ದೂರ ಹಿಡಿದು, ಅಂಗೈ ಬೀಸಿ ಒಂದಿಷ್ಟೇ ಮೂಗಿನ ಕಡೆ ತಂದುಕೊಳ್ಳಬೇಕು. ದೇವಿಂದ್ರ ಅವಸರದ ಹುಡುಗ, ಸೀಸೆಯ ಬಾಯಿಗೇ ಮುಖವಿಟ್ಟು ಉಸಿರೆಳೆದುಬಿಟ್ಟ. ಹದಿನೈದು ದಿನ ದವಾಖಾನೆಯಲ್ಲಿದ್ದ. ಜೀವ ಉಳಿಯಿತು. ಈಗ ಮಾತಾಡಿದರೆ ಗರಗಸ ಎಳೆದಂತೆ ಕೇಳುತ್ತದೆ. ಡಾಕ್ಟರು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ.

ನೀನು ಕಟ್ಟಿದ ಗಾಯನ ಮೇಳ ಈಗಲೂ ಜುಮ್ಮಾ ರಜೆಯ ದಿನ ಕೂಡುತ್ತದೆ. ದೇವಿಂದ್ರನೂ ಬರುತ್ತಾನೆ, ಹಿಂದೆ ಕೂತು ತಾಳ ಹಾಕುತ್ತಾನೆ. ತಬಲಾದ ವಹಾಬ ನನ್ನ ಹತ್ತಿರ ಬಂದು, "ಅಂವ ಬಂದು ಕುಂತ್ರ ನಮಗ ಹಾಡಾಕ ಬಾಯಿ ಬರವಲ್ದ್ರಿ, ಬರಬ್ಯಾಡ ಅನ್ನಾಕೂ ಮನಸ ಬರವಲ್ದು" ಎಂದ.

ಹೋದ ವಾರ ಹೊಳೆಯ ಕಡೆ ಅವನ ಮನೆಗೆ ಹೋಗಿದ್ದೆ. ಅಪ್ಪ ಹರಗೋಲು ಹಾಕಲು ಹೋಗಿದ್ದ, ತಾಯಿ ಮೌನಮ್ಮ ಬಲೆ ಹೊಲಿಯುತ್ತ ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೆಲ್ಲ, ನೀರು ಕೊಟ್ಟಳು. "ಮೊದಲ ಹೊಳಿ ಆ ದಂಡ್ಯಾಗ ನಿಂತು ನನ ಮಗ ಕೂಗಿದ್ರ ಈ ದಂಡಿಗಿ ಕೇಳ್ತಿತ್ರಿ ಮಾಸ್ತರ. ಈಗ ಹೆಗಲ ಮ್ಯಾಲಿನ ಅರಬಿ ಬೀಸಿ ಕರೀತಾನ. ನಾ ಕೆಲಸ ಬಿಟ್ಟು ಆ ಕಡಿಗೇ ನೋಡಕೋತ ಕುಂದರಬೇಕಾಗೇತಿ" ಎಂದಳು.

ಹೆಡ್‌ಮಾಸ್ತರ ಸಾಹೇಬರು ವಿಚಾರಣೆ ಮುಗಿಸಿದ್ದಾರೆ. ಹುಡುಗ ತಾನೇ ತಪ್ಪು ಒಪ್ಪಿಕೊಂಡ: "ಮಾಸ್ತರು ದೂರ ಹಿಡಿ ಅಂದಿದ್ರು ಸಾಹೇಬ್ರ. ನಾನಽ ಕೇಳಲಿಲ್ಲ." ಹುಕುಂ ಮೀರಿದನೆಂದು ಅವನನ್ನು ಪ್ರಯೋಗದ ಕೋಣೆಗೆ ಬಿಡಬಾರದು ಎಂದಾಗಿದೆ. ಅಂದರೆ ಮೆಟ್ರಿಕ್‌ಗೆ ವಿಜ್ಞಾನವೂ ಇಲ್ಲ.

ಉಸ್ತಾದರಿಗೆ ನನ್ನ ಪರವಾಗಿ ಕ್ಷಮೆ ಕೇಳು. ನಿನ್ನ ಮನೆಯ ಮಕ್ಕಳ ದನಿ ತಣ್ಣಗಿರಲಿ, ನಿನ್ನ ಹಾರ್ಮೋನಿಯಂ ಮೇಲೆ ಧೂಳು ಕೂರದಿರಲಿ.

ನಿನ್ನ
ಸೂಗಪ್ಪ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದೆ. ಅವಸರದ ಹುಡುಗ ಎಂದು ಮೇಲೆ ಬರೆದದ್ದು ಸುಳ್ಳು. ಅಂದು ಅವನು ಕ್ರಮದಂತೆ ಸೀಸೆಯನ್ನು ದೂರವೇ ಹಿಡಿದು, ಕೈ ಬೀಸಿ ಮೂಸಿದ. "ವಾಸನಿ ಸರಿಯಾಗಿ ತಿಳಿವಲ್ದ್ರಿ ಮಾಸ್ತರ" ಎಂದ. ಖಾನೆ ಖಾಲಿ ಉಳಿಯುತ್ತದಲ್ಲ ಎಂದು ನನಗೆ ಸಿಟ್ಟು ಬಂತು. "ಹಾಡಾಂವ ನೀ, ಇಷ್ಟಽ ಏನು ನಿನ್ನ ಉಸುರು? ಮುಖಾ ಹಚ್ಚಿ ಎಳಿ" ಎಂದೆ. ಅವನು ಎಳೆದ.

ಸಾಹೇಬರ ಮುಂದೆ ಅವನು ತಪ್ಪು ಹೊತ್ತುಕೊಂಡಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಗೆ ಬಂದ ಮೇಲೆ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನೀವು ಹ್ವಾದ್ರ ಇಲ್ಲಿ ವಿಜ್ಞಾನ ಹೇಳಾವ್ರು ಯಾರದಾರ್ರಿ?" ಎಂದ, ಆ ಗರಗಸದ ದನಿಯಲ್ಲಿ. ನಾಳೆ ಹೋಗಿ ನಿಜ ಹೇಳುತ್ತೇನೆ ಎಂದು ದಿನಾ ಅಂದುಕೊಳ್ಳುತ್ತೇನೆ.

ವಿಚಾರಣೆಗೆ ಅವನ ವಹಿ ಬೇಕೆಂದಿದ್ದರು. ದವಾಖಾನೆಯ ಮಂಚದ ಮೇಲೆ ಕೂತು ಅವನೇ ಅದನ್ನು ತುಂಬಿಕೊಟ್ಟಿದ್ದ. ಬಣ್ಣದ ಖಾನೆಯಲ್ಲಿ ತಿಳಿಹಸಿರು ಎಂದಿದೆ. ವಾಸನೆಯ ಖಾನೆಯಲ್ಲಿ, "ದೂರದಿಂದ ಮೂಸಬೇಕೆಂದು ಮಾಸ್ತರರು ಹೇಳಿದ್ದರು" ಎಂದಿದೆ. ಅದರ ಕೆಳಗೆ ಕೆಂಪು ಮಸಿಯಲ್ಲಿ ನನ್ನ ಸಹಿ ಇದೆ.