ಬೆನ್ನ ಮೇಲೆ ಬಿಳಿ ಚುಕ್ಕೆಯಿದ್ದ ಸಗಣಿ ಹುಳ

ಆಗಸ್ಟ್ ೨೧, ಗುರುವಾರ

ಆ ಬಿಳಿ ಚುಕ್ಕೆ ಕಣ್ಣಿಂದ ಹೋಗುತ್ತಿಲ್ಲ.

ಹೋದ ತಿಂಗಳು ಕಾವಲುಗಾರ ಅಜ್ಜನ ಕೊಟ್ಟಿಗೆಯಲ್ಲಿ ಹಿಡಿದ ಸಗಣಿ ಹುಳಗಳ ಬೆನ್ನಿಗೆ, ಎಷ್ಟು ದೂರ ಹೋಗುತ್ತವೆ ನೋಡೋಣವೆಂದು, ನಾನೇ ಬಿಳಿ ಬಣ್ಣ ಹಚ್ಚಿ ಅಲ್ಲೇ ಬಿಟ್ಟಿದ್ದೆ. ಇವತ್ತು, ಕಾಡಿನ ಹುಳಗಳು ಬಿದ್ದರೆ ಎಣಿಸಲೆಂದು ನಡುಕಾಡಿನಲ್ಲಿ ನಾನು ಹೂತಿಟ್ಟ ಡಬ್ಬಿಯೊಳಗೆ ಅವುಗಳಲ್ಲೊಂದು ಕಾಲಾಡಿಸುತ್ತಿತ್ತು. ಹೊಳೆ ದಾಟಿ ಅಷ್ಟು ದೂರ ಹಾರಿ ಬರುವ ಹುಳವಲ್ಲ ಅದು.

ಅಜ್ಜನ ಮುಖ ನೋಡಿದೆ. ಟೋಪಿ ತೆಗೆದು ಹಿಸುಕುತ್ತಾ ನಿಂತರು.

"ಖಾಲಿ ಡಬ್ಬಿ ನೋಡಿ ದಿನಾ ಮುಖ ಸಣ್ಣ ಮಾಡ್ಕೋತಿದ್ದೆಯಲ್ಲಮ್ಮಾ. ನಾಲ್ಕು ಹುಳ ತಂದು ಹಾಕಿದ್ರೆ ನಂದೇನು ಗಂಟು ಹೋಗುತ್ತೆ ಅಂದ್ಕೊಂಡೆ."

"ಯಾವಾಗಿಂದ, ಅಜ್ಜಾ?"

"ಎರಡನೇ ವಾರದಿಂದ. ತಾನಾಗಿ ಬಿದ್ದಿದ್ದು ಒಂದೂ ಇಲ್ಲ."

ಮೂರು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಆದರೆ ಕೆಲಸ ಹಾಳಾದದ್ದಕ್ಕೆ ಅಷ್ಟು ಸಂಕಟವಿಲ್ಲ; ಸಂಕಟ ಬೇರೆ. ಕಾಡೆಮ್ಮೆಗಳು ಹೋದರೂ ಹುಳಗಳು ಉಳಿದಿವೆ, ಸಗಣಿಯ ಜೊತೆ ಬೀಜ ಹೂಳುತ್ತವೆ, ಕಾಡು ಹೇಗೋ ಚೇತರಿಸಿಕೊಳ್ಳುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅಮ್ಮನಿಗೂ ಫೋನಿನಲ್ಲಿ ಹೇಳಿದ್ದೆ.

ಅಜ್ಜ ಮೂವತ್ತು ವರ್ಷ ಆ ಕಾಡು ಕಾದವರು. ವಾಪಸು ಬರುವಾಗ ಹಿಂದಿನಿಂದ ಮೆಲ್ಲಗೆ ಹೇಳಿದರು: "ನಿನಗೋಸ್ಕರ ಮಾತ್ರ ಅಲ್ಲಮ್ಮಾ. ಆ ಡಬ್ಬಿ ಖಾಲಿ ಇರೋದು ನನಗೂ ನೋಡೋಕಾಗ್ತಿರಲಿಲ್ಲ."

ಈಗ ಹುಳಗಳ ಲೆಕ್ಕದ ಪುಸ್ತಕ ತೆರೆದು ಒಂದೊಂದೇ ಅಂಕಿ ಹೊಡೆದುಹಾಕಿ ಸೊನ್ನೆ ಬರೆಯುತ್ತಿದ್ದೇನೆ. ಜೂನ್ ಮುಗಿಯಿತು. ಚುಕ್ಕೆಯ ಹುಳ ಮೇಜಿನ ಮೇಲೆ ಡಬ್ಬಿಯ ಗೋಡೆ ಹತ್ತುತ್ತಿದೆ, ಜಾರುತ್ತಿದೆ. ನಾಳೆ ಇದನ್ನು ಕೊಟ್ಟಿಗೆಗೆ ಬಿಡಬೇಕು. ಅಲ್ಲಾದರೂ ಅದಕ್ಕೆ ಹೂಳಲು ಸಗಣಿ ಇದೆ.