ತಣ್ಣೀರಿಗೆ ಹೋಗುವ ಕಲೆ

ಅಮ್ಮಾ,

ಮೊನ್ನೆ ನನ್ನ ಗರ್ಭಕೋಶದ ಬಾಯಿಯಿಂದ ಒಂದು ಚೂರು ತೆಗೆದರು. ನಿನ್ನನ್ನು ಕರೆದೊಯ್ದ ಕಾಯಿಲೆ ನನ್ನಲ್ಲಿನ್ನೂ ಶುರುವಾಗಿರಲಿಲ್ಲ, ಬಿಟ್ಟಿದ್ದರೆ ಆಗಬಹುದಿತ್ತಂತೆ. ಮರಗಟ್ಟಲು ಇಂಜೆಕ್ಷನ್ ಕೊಟ್ಟರು. ಎರಡು ಷರ್ಟು ಇಸ್ತ್ರಿ ಮಾಡುವಷ್ಟರಲ್ಲಿ ಮುಗಿದೇಹೋಯಿತು.

ನರ್ಸಮ್ಮ ಬಿಡಿಸಿ ಹೇಳಿದರು: "ಎರಡ್ಮೂರು ವಾರ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತೆ, ಹೆದರ್ಬೇಡಿ. ಜಾಸ್ತಿ ಹೋದ್ರೆ, ಜ್ವರ ಬಂದ್ರೆ, ಕೆಟ್ಟ ವಾಸನೆ ಬಂದ್ರೆ ತಕ್ಷಣ ಬನ್ನಿ. ನಾಲ್ಕು ವಾರ ಗಂಡನ್ನ ದೂರ ಇಡಿ, ಭಾರ ಎತ್ತಬೇಡಿ."

"ಗಂಡನ್ನ ಹೇಗೋ ಇಡ್ತೀನಿ, ಲಾಂಡ್ರಿ ಗಂಟು ಯಾರು ಎತ್ತೋದು?" ಎಂದೆ. ನಕ್ಕುಬಿಟ್ಟರು.

ಆಮೇಲೆ, "ಪರೀಕ್ಷೆ ಮಾಡಿಸ್ಕೊ ಅಂತ ಯಾರು ಹೇಳಿದ್ದು?" ಎಂದು ಕೇಳಿದರು.

"ನಮ್ಮಮ್ಮ."

ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ನೀನು ನನ್ನ ಮಣಿಕಟ್ಟು ಹಿಡಿದು, "ನೀನಾದ್ರೂ ತೋರಿಸ್ಕೋ" ಎಂದಿದ್ದೆಯಲ್ಲ. ನಾನಿವತ್ತು ನೆಟ್ಟಗೆ ನಿಂತಿರುವುದು ಆ ಎರಡು ಮಾತಿನಿಂದ.

ಹಣ್ಣಿನ ಕಲೆಗೆ ಬಿಸಿನೀರು, ರಕ್ತದ ಕಲೆಗೆ ತಣ್ಣೀರು ಎಂದು ನಮ್ಮ ಲಾಂಡ್ರಿಯಲ್ಲಿ ಕಲಿಸಿದವಳೂ ನೀನೇ. ನಿನಗೆ ಮುಟ್ಟು ನಿಂತು ಆರು ವರ್ಷವಾದ ಮೇಲೆ, ಒಂದು ಬೆಳಿಗ್ಗೆ ನೀನು ನಿನ್ನ ಲಂಗ ಉಜ್ಜುತ್ತಿದ್ದೆ. "ಏನಮ್ಮ ಅದು?" ಎಂದು ಕೇಳಿದ್ದಕ್ಕೆ, "ದಾಳಿಂಬೆ ರಸ ಕಣೆ" ಎಂದಿದ್ದೆ ನೀನು. ನಾನು ಬಕೆಟ್ಟಿಗೆ ಕೈಯದ್ದಿ ನೋಡಿದೆ. ನೀರು ತಣ್ಣಗಿತ್ತು. ಕೈ ಒರೆಸಿಕೊಂಡು ಇಸ್ತ್ರಿಗೆ ಹೋದೆ.

ಇವತ್ತು ನನ್ನ ಲಂಗ ನೆನೆಹಾಕುತ್ತಿದ್ದಾಗ ಮಗಳು ಬಂದು, "ಏನಮ್ಮ ಅದು?" ಎಂದಳು. ಪಕ್ಕಕ್ಕೆ ಸರಿದು ಜಾಗ ಕೊಟ್ಟೆ.

"ರಕ್ತ ಕಣೆ. ಕೂತ್ಕೋ, ಹೇಳ್ತೀನಿ."