ಕೊಚ್ಚಿಯಲ್ಲಿ ಕಂಡ ಕೌದಿ

ಫೋರ್ಟ್ ಕೊಚ್ಚಿ
೨೦ ಡಿಸೆಂಬರ್ ೨೦೨೪

ಬೈಲಹೊಂಗಲದ ಇತಿಹಾಸ ಮಾಸ್ತರರಿಗೆ, ಸಮುದ್ರದ ದಂಡೆಯಿಂದ ಅವರ ಹೆಂಡತಿಯ ನಮಸ್ಕಾರ.

ಗಾಬರಿಯಾಗಬೇಡಿ, ಕ್ಷೇಮವಾಗಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವೇ ಮಾತಾಡುತ್ತೀರಿ, ನಾನು ಹೂಂ ಅನ್ನುತ್ತ ನಿಂತಿರಬೇಕು. ಪತ್ರದಲ್ಲಿ ಆ ತೊಂದರೆಯಿಲ್ಲ.

ಹೋದ ತಿಂಗಳು ನಿಮ್ಮ ಮಹಾಂತಪ್ಪ ಕಾಕಾ ಹೂಲಿಗೆ ಬಂದು, ಅವ್ವ ಕೊಟ್ಟ ಚಹಾ ಕುಡಿದು, ನಿಮ್ಮ ಮಾತು ಮುಟ್ಟಿಸಿದರು. “ಸಂಕ್ರಾಂತಿಯೊಳಗ ಬರತಾಳೋ ಇಲ್ಲೋ, ಒಂದ ಮಾತು ಹೇಳಲಿ ಅಂದಾನವಾ” ಎಂದರು. ನಾನು ನಿಮ್ಮ ಮನೆ ಬಿಟ್ಟು ತವರಿಗೆ ಬಂದು ಎರಡು ವರ್ಷವಾಯಿತು. ಕೇಳಿದ್ದರಲ್ಲಿ ತಪ್ಪಿಲ್ಲ. ವಿಚಾರ ಮಾಡಿ ಹೇಳುತ್ತೇನೆಂದು ಕಾಕಾನನ್ನು ಕಳಿಸಿ, ಸವದತ್ತಿಯ ಮಹಿಳಾ ಸಂಘದವರ ಜೊತೆ ಕೊಚ್ಚಿಯ ರೈಲು ಹತ್ತಿದೆ. ಇನ್ನೂ ವಿಚಾರ ಮಾಡುತ್ತಲೇ ಇದ್ದೇನೆ. ಅಷ್ಟರಲ್ಲಿ ಈ ಊರು ಹೇಗಿದೆ ಕೇಳಿ.

ಎಂಥ ಊರು ರೀ ಇದು! ನೀವು ಇಷ್ಟು ವರ್ಷ ಹಲಗೆಯ ಮೇಲೆ ಹಡಗು ಬರೆದು ಮಕ್ಕಳಿಗೆ ಕಲಿಸಿದ ಬಂದರು. ನೀವು ನೋಡಿಲ್ಲ, ನಾನು ನೋಡಿದೆ. ಬಂದ ಕೂಡಲೇ ಕಂಡದ್ದು ಚೀನಾ ಬಲೆಗಳು. ಉದ್ದನೆಯ ಮರದ ತೋಳು, ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲು, ನಮ್ಮ ಅಜ್ಜನ ಕಾಲದ ಏತದ ಹಾಗೆ. ಮೀನು ಬಿದ್ದದ್ದು ನಾಲ್ಕೇ ನಾಲ್ಕು. ಆದರೂ ಮೀನುಗಾರರು ಹಗ್ಗ ಜಗ್ಗುವುದನ್ನು ನೋಡುತ್ತ ಬಿಸಿಲೇರಿದ್ದೇ ತಿಳಿಯಲಿಲ್ಲ.

ಡಚ್ ಅರಮನೆಯನ್ನು ಕಟ್ಟಿಸಿದವರು ಪೋರ್ಚುಗೀಸರಂತೆ, ರಿಪೇರಿ ಮಾಡಿಸಿದ ಡಚ್ಚರಿಗೆ ಹೆಸರು ಬಂತಂತೆ. ನಾನು ಮಾಡಿದ ಹೋಳಿಗೆ ತಿಂದು ನೆಂಟರು ನಿಮ್ಮ ಅಕ್ಕನನ್ನು ಹೊಗಳುತ್ತಿದ್ದದ್ದು ನೆನಪಾಯಿತು. ಒಳಗೆ ಗೋಡೆ ತುಂಬ ರಾಮಾಯಣ. ಬಣ್ಣ ಇನ್ನೂ ಆರಿಲ್ಲವೇನೋ ಅನ್ನಿಸುತ್ತದೆ. ನಮ್ಮ ಕಿತ್ತೂರಿನಲ್ಲಿ ಬಿದ್ದ ಗೋಡೆ ನೋಡಿ ಅರಮನೆಯನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಇಲ್ಲಿ ಚಾವಣಿ ಸಮೇತ ನಿಂತಿದೆ, ನಮ್ಮ ಪುಣ್ಯ.

ಯಾರೂ ಹೇಳದಿದ್ದರೂ ನಮ್ಮ ಹೆಂಗಸರು ಎಲ್ಲ ಬಾಗಿಲಲ್ಲೂ ಚಪ್ಪಲಿ ಬಿಟ್ಟರು. ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಅದು ಸರಿಹೋಯಿತು. ಅಲ್ಲಿನ ನೆಲಕ್ಕೆ ಚೀನಾದಿಂದ ತಂದ ನೀಲಿ ಫರಸಿ. ಒಂದರ ಚಿತ್ತಾರ ಇನ್ನೊಂದಕ್ಕಿಲ್ಲ. ಕಾಲಿಡಲು ಮನಸ್ಸು ಬಾರದೆ ನಾನು ಗೋಡೆಯ ಬದಿಗೇ ನಡೆದೆ.

ನಿಮ್ಮ ವಾಸ್ಕೋ ಡ ಗಾಮನನ್ನು ಹೂತ ಚರ್ಚನ್ನೂ ನೋಡಿದೆ. ಈಗ ಕಲ್ಲಷ್ಟೇ ಇದೆ. ಕೆಲವು ವರ್ಷಗಳ ಮೇಲೆ ಅವನ ಕಡೆಯವರು ಸಮುದ್ರ ದಾಟಿ ಬಂದು, ಉಳಿದದ್ದನ್ನು ತಮ್ಮ ದೇಶಕ್ಕೆ ಒಯ್ದರಂತೆ. ಸತ್ತವನನ್ನೂ ಅಷ್ಟು ದೂರ ಬಂದು ಕರೆದೊಯ್ಯುವವರಿದ್ದರು. ಬೈಲಹೊಂಗಲದಿಂದ ಹೂಲಿಗೆ ಒಂದು ಬಸ್ಸಿನ ದಾರಿ. ನೀವು ಕಾಕಾನನ್ನು ಕಳಿಸಿದಿರಿ.

ಇರಲಿ. ನಿನ್ನೆಯ ಮಾತು ಹೇಳುತ್ತೇನೆ, ನೀವು ನಗುತ್ತೀರಿ. ಇಲ್ಲಿ ಹಳೆಯ ಮೆಣಸಿನ ಗೋದಾಮೊಂದನ್ನು ಬಟ್ಟೆಗಳ ಸಂಗ್ರಹಾಲಯ ಮಾಡಿದ್ದಾರೆ. ಬಾಗಿಲು ದಾಟಿದರೆ ಈಗಲೂ ಮೆಣಸಿನ ಘಾಟು. ಹಡಗಿನ ಹಾಯಿ, ಪರದೇಶದ ಜರಿಯ ನಡುವೆ, ಮರದ ತೊಲೆಗೆ ಇಳಿಬಿಟ್ಟ ನಮ್ಮ ಕಡೆಯ ಒಂದು ಕೌದಿ! ನಾವೆಲ್ಲ ತವರಿನವರನ್ನು ಕಂಡಂತೆ ಅದರತ್ತ ಓಡಿದೆವು. ಎಷ್ಟು ಸಣ್ಣ ಹೊಲಿಗೆ ಅಂತೀರಿ! ಆದರೆ ನಡುವೆ ಗೇಣಗಲ ಬಾಯಿ ಬಿಟ್ಟಿತ್ತು. ಕೌದಿ ಮುಗಿಸುವಾಗ ಅಲ್ಲಿ ಹೋಳಿಗೆಯ ತುಂಡಿಟ್ಟು ಹೊಲಿದು ಅದರ ಹೊಟ್ಟೆ ತುಂಬಿಸುತ್ತೇವಲ್ಲ, ಇದರದು ಹಾಗೇ ಉಳಿದಿದೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ.

ಜೊತೆಗೆ ಬಂದ ನನ್ನ ಕೆಂಚವ್ವ ಚಿಗವ್ವ ಸುಮ್ಮನಿದ್ದಾಳೆಯೇ? “ಅಯ್ಯ ನನ್ನವ್ವ, ಇಷ್ಟ ವರ್ಷ ಉಪಾಸ ನೇತ ಹಾಕ್ಯಾರಲ್ಲ” ಎಂದವಳೇ ಗಂಟಿನಿಂದ ಶೇಂಗಾ ಹೋಳಿಗೆ ಮುರಿದು ಕೌದಿಯೊಳಗೆ ತುರುಕಿದಳು. ಕಾವಲಿನವನು ಕೂಗುತ್ತ ಓಡಿಬಂದ. ಇವಳು ಅವನಿಗೂ ಒಂದು ತುಂಡು ಹಿಡಿದಳು. ನಮ್ಮನ್ನು ಕರೆತಂದ ಬಸಯ್ಯನವರು ಹರಕು ಹಿಂದಿಯಲ್ಲಿ ವಿವರಿಸಿದ ಮೇಲೆ, ಅಲ್ಲಿಯ ಮೇಡಮ್ಮು ನಕ್ಕು, ಒಳಗಿಟ್ಟರೆ ಇರುವೆ ಬರುತ್ತವೆ ಎಂದು ತುಂಡನ್ನು ತೆಗೆದು, ತಟ್ಟೆಯಲ್ಲಿಟ್ಟು ಕೌದಿಯ ಕೆಳಗೆ ಇರಿಸಿದರು. ಸಂಜೆಯವರೆಗೆ ಇರಲಿ ಎಂದರು. ಚಿಗವ್ವ ಕೈಮುಗಿದು ಹೊರಬಂದಳು. ನಾನು ಮಾತ್ರ ಬಾಗಿಲಿನಿಂದ ತಿರುಗಿ ಹೋಗಿ ಆ ತಟ್ಟೆಯನ್ನು ಇನ್ನೊಮ್ಮೆ ನೋಡಿ ಬಂದೆ. ಯಾಕೆಂದು ಕೇಳಬೇಡಿ.

ಒಂದು ಮಾತು ಮುಚ್ಚಿಡಲಾರೆ. ಬಲೆ ನೋಡಿದರೂ, ಗೋಡೆ ನೋಡಿದರೂ, ಇದನ್ನು ನಿಮಗೆ ಹೇಳಬೇಕು ಅನ್ನಿಸಿತು. ನನ್ನ ಮೇಲೆ ನನಗೇ ಸಿಟ್ಟು ಬಂತು. ನೀವು ಪಕ್ಕದಲ್ಲಿದ್ದಿದ್ದರೆ ಇಸವಿ ಹೇಳಿ ಹೇಳಿ ತಲೆ ತಿನ್ನುತ್ತಿದ್ದಿರಿ. ತಿನ್ನಿಸಿಕೊಳ್ಳುತ್ತಿದ್ದೆ.

ಉಪ್ಪುಗಾಳಿ ಕುಡಿದು ಕೂತಿರುವ
ವಿಜಯಾ

ತಾ.ಕ.: ನಿಮ್ಮ ಹಳೆಯ ಧೋತರ, ನನ್ನ ಹಸಿರು ಇಳಕಲ್ಲ ಸೀರೆ ಸೇರಿಸಿ ಹೊಲಿದ ಕೌದಿ ದೊಡ್ಡ ಪೆಟ್ಟಿಗೆಯಲ್ಲಿದೆ. ಸಾಲೆಯ ಪ್ರವಾಸಕ್ಕೆ ನಾನೂ ಬರುತ್ತೇನೆ ಅಂದಾಗ, “ಹೂಲ್ಯಾಗ ಹಾಳ ಗುಡಿ ಕಲ್ಲ ನೋಡ್ಕೋತನ ಬೆಳದಾಕಿ, ಇನ್ನೂ ಕಲ್ಲ ನೋಡೂದೇನೈತಿ ನಿನಗ?” ಅಂದಿರಲ್ಲ, ಅವತ್ತು ಅದರ ಹೊಟ್ಟೆ ತುಂಬುವುದೊಂದೇ ಬಾಕಿ ಇತ್ತು. ಹಾಗೇ ಬಿಟ್ಟು ಬಂದೆ. ನಾವು ಕನ್ಯಾಕುಮಾರಿ ನೋಡಿಕೊಂಡು ಇಪ್ಪತ್ತೊಂಬತ್ತಕ್ಕೆ, ಭಾನುವಾರ, ಬೆಳಗಾವಿಯಲ್ಲಿ ಇಳಿಯುತ್ತೇವೆ. ಸವದತ್ತಿಯ ಬಸ್ಸು ಬೈಲಹೊಂಗಲದ ಮೇಲೆಯೇ ಹೋಗುತ್ತದೆ. ಸ್ಟ್ಯಾಂಡಿನಲ್ಲಿ ನೀವು ನಿಂತಿದ್ದರೆ ನಾನು ಇಳಿಯುತ್ತೇನೆ. ಕಾಕಾನನ್ನು ಕಳಿಸಬೇಡಿ. ಹೋಳಿಗೆಯನ್ನು ನೀವೇ ಮಾಡಿಡಿ. ಹರಿದರೂ ಚಿಂತೆಯಿಲ್ಲ, ಕೌದಿಗೆ ಒಂದು ತುಂಡು ಸಾಕು.